ಊರನ್ನು ಎಬ್ಬಿಸುವ ದನಿ, ಎತ್ತದ ಒಂದು ಫೋನು

ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿದೆ. ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಕಿಟಕಿಯ ಪಕ್ಕದ ಮೇಜಿನ ಮುಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಶಾಲು ಹೊದ್ದು ಕೂತಿದ್ದಾರೆ. ಕೀಬೋರ್ಡಿನ ಒಂದು ಗುಂಡಿ ಒತ್ತುತ್ತಾರೆ. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಸಾಲುಗಳು ಸರಸರನೆ ಇಳಿಯುತ್ತವೆ. ನಾನು ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಎಲ್ಲಾ ಮುಗಿದಿದೆ.

"ಆಯ್ತು. ಎಲ್ಲಾ ಪಾಸು."

"ಇಷ್ಟೇನಾ?" ಎನ್ನುತ್ತೇನೆ. ಬೆಳಗಿನ ಜಾವವೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಚಳಿಯಲ್ಲಿ ಎದ್ದು ಬಂದದ್ದಕ್ಕೆ ಇಷ್ಟೇ ಸಿಕ್ಕಿತಲ್ಲ ಎಂಬ ಸಿಟ್ಟು ದನಿಯಲ್ಲಿ ಇದ್ದಿರಬೇಕು.

"ನೋಡೋಕೆ ಏನೂ ಇಲ್ಲ ಅಂತ ನಿಮ್ಗೆ ಫೋನಲ್ಲೇ ಹೇಳಿದ್ನಲ್ಲ," ಎಂದು ನಗುತ್ತಾರೆ.

ಆಮೇಲೆ ಮೊಬೈಲು ತೆಗೆದುಕೊಳ್ಳುತ್ತಾರೆ. ಅದರ ಮುಖವನ್ನು ಶಾಲಿನ ಚುಂಗಿನಿಂದ ಒರೆಸಿ ಒಂದು ನಂಬರು ಒತ್ತುತ್ತಾರೆ. ಆ ಕಡೆ ಫೋನು ಹೊಡೆದುಕೊಳ್ಳುವ ಸದ್ದು ನನಗೂ ಕೇಳಿಸುತ್ತದೆ. ಹೊಡೆದುಕೊಳ್ಳುತ್ತಲೇ ಇದೆ, ಯಾರೂ ಎತ್ತುವುದಿಲ್ಲ. ಕೊನೆಗೆ ಅದಾಗಿಯೇ ನಿಂತುಹೋಗುತ್ತದೆ. ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟು, "ಇವತ್ತೂ ಎತ್ತಲಿಲ್ಲ," ಎನ್ನುತ್ತಾರೆ.

ಅಷ್ಟರಲ್ಲಿ ಆರು ಗಂಟೆ. ಕೆಳಗಿನ ಅಂಗಡಿಯಲ್ಲೇ ಮಲಗುವ ದರ್ಜಿಯ ಫೋನು ಹೊಡೆದುಕೊಳ್ಳುತ್ತದೆ. ಎದುರಿಗೆ ಬಾಯಿ ಮುಚ್ಚಿ ಕೂತಿರುವ ಇವರ ದನಿ ನೆಲದ ಕೆಳಗಿನಿಂದ ಬರುತ್ತದೆ. "ನಮಸ್ಕಾರ. ಮಾತ್ರೆ ತಗೊಳ್ಳೋ ಹೊತ್ತಾಯ್ತು. ತಗೊಂಡಿದ್ರೆ ಒಂದು ಒತ್ತಿ, ಇಲ್ಲ ಅಂದ್ರೆ ಎರಡು ಒತ್ತಿ." ದರ್ಜಿ ನಿದ್ದೆಗಣ್ಣಲ್ಲಿ ಏನೋ ಗೊಣಗುತ್ತಾನೆ. ಈ ಮನೆಯಲ್ಲಿ ಬೆಳಿಗ್ಗೆ ಹೊತ್ತು ಇವರ ಮಾತಿಗೆ ಸಿಗುವ ಉತ್ತರ ಅದೊಂದೇ.

ಆಸ್ಪತ್ರೆಯವರು ಇವರನ್ನು 'ಎಬ್ಬಿಸೋ ಅಕ್ಕ' ಎನ್ನುತ್ತಾರೆ. ನಾನೂ ಅಕ್ಕ ಎಂದೇ ಕರೆಯುತ್ತೇನೆ. ಊರಿನ ದೊಡ್ಡಾಸ್ಪತ್ರೆಯಿಂದ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ಪಡೆಯುವವರ ಮನೆಗಳಿಗೆ ದಿನಾ ಬೆಳಿಗ್ಗೆ ತಾನಾಗಿಯೇ ಫೋನು ಮಾಡುವ ಪ್ರೋಗ್ರಾಮು ಇವರ ಕೈಯಲ್ಲಿದೆ. ಸುಮಾರು ನಾಲ್ಕು ಸಾವಿರ ಮನೆ. ಅದರಲ್ಲಿರುವ ದನಿಯೂ ಇವರದೇ, ಅದನ್ನು ನಡೆಸುವ ಕಂಪ್ಯೂಟರ್ ಕೋಡೂ ಇವರದೇ. ಆ ದನಿಗೆ ಒಂದು ಮುಖವಿದೆ ಎಂದು ತಿಳಿದವರು ಬೆರಳೆಣಿಕೆಯಷ್ಟು. ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಸಿಕ್ಕಸಿಕ್ಕವರಿಗೆಲ್ಲಾ ಅಂದುಬಿಡುತ್ತೇವೆ. ಇವರ ಮಟ್ಟಿಗೆ ಅದು ಉತ್ಪ್ರೇಕ್ಷೆಯಲ್ಲ.

ಶುರುವಿನಲ್ಲಿ ಈ ಕೆಲಸಕ್ಕೆ ಒಂದು ತಂಡವೇ ಇತ್ತು. ಒಬ್ಬೊಬ್ಬರೇ ಬೇರೆ ಕೆಲಸ ಹಿಡಿದು ಹೋದರು. ಕೊನೆಗೆ ಆಸ್ಪತ್ರೆಯವರಿಗೆ ಎಕ್ಸ್‌ರೇ ಯಂತ್ರ ಇಡಲು ಜಾಗ ಬೇಕಾಯಿತು, ಅಕ್ಕನ ಮೇಜೂ ಹೋಯಿತು. "ಮನೆಯಿಂದಲೇ ಮಾಡ್ಕೊಳ್ಳಿ, ನಿಮ್ಗೂ ಆರಾಮು ಅಂದ್ರು. ಆರಾಮಾಗೇನೋ ಇದೆ," ಎನ್ನುತ್ತಾರೆ. ಮದುವೆಯಾಗಿಲ್ಲ. ತಮ್ಮ ಬೇರೆ ಊರಿನಲ್ಲಿದ್ದಾನೆ, ಕೆಲಸವಿದ್ದರೆ ಫೋನು ಮಾಡುತ್ತಾನೆ. ಕೋಣೆಯಲ್ಲಿ ಎರಡು ಕುರ್ಚಿ ಇವೆ. ನಾನು ಹೋದ ದಿನ ಎರಡನೆಯದರ ಮೇಲಿನ ಬಟ್ಟೆ ರಾಶಿ ಎತ್ತಲು ಅಕ್ಕನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಇನ್ನು ಆ ಎತ್ತದ ಫೋನಿನ ವಿಷಯ. ಅದನ್ನು ಹೇಳಬೇಕಾದರೆ ಕೋಡಿನ ಒಳಗೆ ಸ್ವಲ್ಪ ತಲೆ ಹಾಕಬೇಕು. ಹೆದರಬೇಡಿ, ನನ್ನ ಮಂಡೆಗೇ ಹತ್ತಿದೆ ಎಂದ ಮೇಲೆ ನಿಮಗೆ ಹತ್ತದೇ ಇರುತ್ತದೆಯೇ?

ಹಳೆಯ ಪ್ರೋಗ್ರಾಮು ತನಗೆ ಬೇಕಾದ್ದನ್ನೆಲ್ಲಾ ತಾನೇ ಒಳಗೊಳಗೆ ಹುಡುಕಿಕೊಳ್ಳುತ್ತಿತ್ತು. ಗಂಟೆ ಎಷ್ಟೆಂದು ತಿಳಿಯಬೇಕಾದರೆ ನೇರ ಯಂತ್ರದ ಗಡಿಯಾರವನ್ನೇ ಕೇಳುವುದು, ಫೋನು ಮಾಡಬೇಕಾದರೆ ನೇರ ಆಸ್ಪತ್ರೆಯ ಲೈನನ್ನೇ ಹಿಡಿಯುವುದು. ಹೀಗಾಗಿ ಅದನ್ನು ಪರೀಕ್ಷೆ ಮಾಡಬೇಕೆಂದರೆ ನಿಜವಾಗಿಯೂ ಬೆಳಿಗ್ಗೆ ಆರಾಗಬೇಕು, ನಿಜವಾಗಿಯೂ ಯಾರದೋ ಮನೆಯ ಫೋನು ಹೊಡೆದುಕೊಳ್ಳಬೇಕು. ಗಡಿಯಾರ ತಿರುಗಿಸೋಣವೆಂದರೆ ಅದೇ ಯಂತ್ರದಲ್ಲಿ ಆಸ್ಪತ್ರೆಯ ಬಿಲ್ಲುಗಳೂ ಇದ್ದವು, ತಾರೀಖೆಲ್ಲಾ ಕಲಸುಮೇಲೋಗರವಾಗುತ್ತಿತ್ತು.

"ಒಬ್ಳು ಅಡುಗೆಯವಳಿದ್ದಾಳೆ ಅಂದ್ಕೊಳ್ಳಿ," ಅಕ್ಕ ಬಿಡಿಸಿ ಹೇಳುತ್ತಾರೆ. "ಒಗ್ಗರಣೆಗೆ ಎಣ್ಣೆ ಬೇಕು ಅಂದ್ರೆ ಒಲೆ ಬಿಟ್ಟು ತಾನೇ ಅಂಗಡಿಗೆ ಓಡ್ತಾಳೆ. ಅವಳ ಕೈರುಚಿ ನೋಡ್ಬೇಕು ಅಂದ್ರೆ ಅಂಗಡಿ ತೆಗೆದಿರ್ಬೇಕು, ಅಲ್ಲಿ ಎಣ್ಣೆ ಇರ್ಬೇಕು. ಅದರ ಬದ್ಲು ನಾವೇ ಎಣ್ಣೆ ಅವಳ ಕೈಗೆ ಕೊಟ್ರೆ? ಬೇಕಾದಾಗ ಅಡುಗೆ ಮಾಡಿಸ್ಬೋದು. ಒಂದಿನ ಬೇಕಂತಲೇ ಕೆಟ್ಟ ಎಣ್ಣೆ ಕೊಟ್ಟು, ಇವಳು ಮೂಸಿ ನೋಡ್ತಾಳಾ, ಇಲ್ಲಾ ಹಾಗೇ ಸುರೀತಾಳಾ ಅಂತಾನೂ ನೋಡ್ಬೋದು."

ಕೋಡಿಗೆ ಬೇಕಾದ್ದನ್ನು ಹೀಗೆ ಹೊರಗಿನಿಂದ ಕೈಗೆ ಕೊಡುವುದಕ್ಕೆ ಇವರ ಕಸುಬಿನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ. ವಾರ್ಡಿನ ದೊಡ್ಡ ಸಿಸ್ಟರಿಗೆ ಒಮ್ಮೆ ಅಕ್ಕ ಇದನ್ನು ಹೇಳಲು ಹೋಗಿ, "ಆ ಇಂಜೆಕ್ಷನ್ ನಮ್ಮ ಸ್ಟಾಕಲ್ಲಿಲ್ಲಮ್ಮ," ಎಂದು ಹೇಳಿಸಿಕೊಂಡು ಬಂದಿದ್ದಾರೆ.

ಹಳೆಯ ಪ್ರೋಗ್ರಾಮಿನ ಕಾಲದಲ್ಲಿ ಪರೀಕ್ಷೆಗೆಂದು ಹೊಡೆದುಕೊಳ್ಳಲು ಒಂದು ಫೋನು ಬೇಕಿತ್ತು. ಅಕ್ಕ ಔಷಧಿ ಕೊಡುವ ಕಿಟಕಿಯ ಪಕ್ಕ ಒಂದು ಚೀಟಿ ಅಂಟಿಸಿದರು. 'ಬೆಳಿಗ್ಗೆ ಆರಕ್ಕೆ ಬೇಸರವಿಲ್ಲದೆ ಫೋನು ಎತ್ತಬಲ್ಲವರು ಬೇಕಾಗಿದ್ದಾರೆ.' ಇಡೀ ಊರಿನಲ್ಲಿ ಅದಕ್ಕೆ ಒಪ್ಪಿದವರು ಒಬ್ಬರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದ ಹಿರಿಯ ಹೆಂಗಸು. ಅಕ್ಕ ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಾರೆ. ಸಂಬಂಧವೇನೂ ಇಲ್ಲ, ಮುಖ ಕೂಡ ನೋಡಿರಲಿಲ್ಲ.

ಕೋಡಿನಲ್ಲಿ ಏನಾದರೂ ಬದಲಾಯಿಸಿದ ಮರುದಿನ ದೊಡ್ಡಮ್ಮನ ಮನೆಯ ಫೋನು ಹೊಡೆದುಕೊಳ್ಳಬೇಕು. ದಿನಾ ಏನಾದರೊಂದು ಬದಲಾವಣೆ ಇದ್ದೇ ಇರುತ್ತಿತ್ತು. ರೆಕಾರ್ಡಿಂಗ್ ಕೇಳಿ ದೊಡ್ಡಮ್ಮ ಒಂದು ಒತ್ತುತ್ತಿದ್ದರು. ಆಮೇಲೆ ಅಕ್ಕ ಆಸ್ಪತ್ರೆಯ ಲೈನಿನಿಂದಲೇ ಫೋನು ಮಾಡಿ, ಸರಿಯಾಗಿ ಕೇಳಿಸಿತಾ ಎಂದು ವಿಚಾರಿಸುತ್ತಿದ್ದರು. ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. "ನಿನ್ನ ರೆಕಾರ್ಡಿಂಗಲ್ಲಿ ನೀನು ಉಸಿರೇ ತಗೊಳ್ಳಲ್ವಲ್ಲೇ, ರೋಗಿಗಳು ಹೆದರ್ಕೊಳ್ತಾರೆ ಅಂತಿದ್ರು," ಎಂದು ಹೇಳುವಾಗ ಅಕ್ಕನ ಮುಖ ಅರಳುತ್ತದೆ. ದೊಡ್ಡಮ್ಮನ ಮಾತು ಕೇಳಿ ಅವರು ಎರಡು ಸಲ ರೆಕಾರ್ಡಿಂಗ್ ಬದಲಾಯಿಸಿದ್ದಾರೆ.

ಒಂದೇ ಒಂದು ತೊಂದರೆಯಿತ್ತು. ದೊಡ್ಡಮ್ಮನಿಗೆ ಫೋನು ಎತ್ತದೆ ಇರಲು ಬರುತ್ತಿರಲಿಲ್ಲ.

ಯಾರಾದರೂ ಸತತ ಮೂರು ಬೆಳಗು ಫೋನು ಎತ್ತದಿದ್ದರೆ ಪ್ರೋಗ್ರಾಮು ಅವರ ಹತ್ತಿರದವರಿಗೆ ತಿಳಿಸಬೇಕು. ಅದನ್ನು ಪರೀಕ್ಷಿಸಲು ಅಕ್ಕ, "ಇವತ್ತಿಂದ ಮೂರು ದಿನ ಎತ್ತಬೇಡಿ ದೊಡ್ಡಮ್ಮ," ಎಂದು ಬೇಡಿಕೊಂಡರು. ಮೊದಲ ದಿನ ಹೇಗೋ ಕೈಕಟ್ಟಿ ಕೂತರು. ಎರಡನೇ ದಿನ ಎರಡನೇ ರಿಂಗಿಗೇ ಎತ್ತಿಬಿಟ್ಟರು. "ಅಯ್ಯೋ, ಕೈ ತಾನಾಗೇ ಹೋಯ್ತು ಕಣೆ." ಮತ್ತೆ ಪ್ರಯತ್ನ, ಮತ್ತೆ ಅದೇ ಕಥೆ. ಫೋನು ಹೊಡೆದುಕೊಳ್ಳಲು ಬಿಡಬಾರದು ಎಂಬುದು ಎಕ್ಸ್‌ಚೇಂಜಿನಲ್ಲಿ ಅವರ ಮೈಗೆ ಹತ್ತಿದ ಪಾಠ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಸಣ್ಣ ಕೋಡು, ಸರಿಯಾಗಿಯೇ ಇರುತ್ತದೆ ಎಂದು ಅಕ್ಕ ಅದನ್ನು ಅಲ್ಲಿಗೇ ಬಿಟ್ಟರು.

ಅದು ಸರಿಯಾಗಿರಲಿಲ್ಲ. ದಿನ ಬದಲಾದ ಕೂಡಲೇ ಪ್ರೋಗ್ರಾಮು ಹಿಂದಿನ ದಿನದ ಲೆಕ್ಕವನ್ನೆಲ್ಲಾ ಅಳಿಸಿ ಹೊಸದಾಗಿ ಶುರು ಮಾಡುತ್ತಿತ್ತು. ಎತ್ತದವರ ಲೆಕ್ಕ ಒಂದನ್ನು ದಾಟುತ್ತಲೇ ಇರಲಿಲ್ಲ. ಕ್ಷೌರದಂಗಡಿಯ ಮಾಲೀಕರೊಬ್ಬರು, ಒಂಟಿ ಮನುಷ್ಯ, ಜ್ವರದಲ್ಲಿ ಮಲಗಿದವರು ಮೇಲೇಳಲಿಲ್ಲ. ದಿನಾ ಬೆಳಿಗ್ಗೆ ಫೋನು ಹೊಡೆದುಕೊಂಡಿತು, ನಿಂತಿತು. ಮೂರು ಬೆಳಗು ಕಳೆದರೂ ಪಕ್ಕದ ಬೀದಿಯಲ್ಲೇ ಇದ್ದ ತಂಗಿಗೆ ಸುದ್ದಿ ಹೋಗಲಿಲ್ಲ. ನೆರೆಯವರು ಬಾಗಿಲು ಮುರಿದು ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಆದರೆ ಮಾತ್ರೆ ತಪ್ಪಿ ಲಕ್ವ ಹೊಡೆದು ಕತ್ತರಿ ಹಿಡಿಯುವ ಕೈ ಸ್ವಾಧೀನ ಕಳೆದುಕೊಂಡಿತ್ತು.

"ಅವರ ತಂಗಿ ನನ್ನನ್ನ ಬೈದಿದ್ರೆ ಚೆನ್ನಾಗಿತ್ತು," ಅಕ್ಕ ಹೇಳುತ್ತಾರೆ. "ನಿಮ್ಮ ಫೋನಿಂದ ಎಷ್ಟು ಉಪಕಾರ ಆಗಿದೆ ಅಂತ ಕೈ ಮುಗಿದ್ರು. ಆವತ್ತು ಊಟ ಸೇರ್ಲಿಲ್ಲ ನಂಗೆ."

ಅದಾದ ಮೇಲೆ ಅಕ್ಕ ಇಡೀ ಪ್ರೋಗ್ರಾಮನ್ನು ಬಿಚ್ಚಿ ಮತ್ತೆ ಕಟ್ಟಿದರು. ಗಡಿಯಾರವನ್ನೂ ಫೋನನ್ನೂ ಒಳಗಿನಿಂದ ಕಿತ್ತು ಹೊರಗಿಟ್ಟರು. ಈಗ ಬೆಳಿಗ್ಗೆ ಕೆಲಸ ನಡೆಯುವಾಗ ಅದಕ್ಕೆ ನಿಜವಾದ ಗಡಿಯಾರ, ನಿಜವಾದ ಲೈನು ಕೊಡುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಸುಳ್ಳು ಗಡಿಯಾರ, ಸುಳ್ಳು ಫೋನು. ಪ್ರೋಗ್ರಾಮಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸುಳ್ಳು ಗಡಿಯಾರದಲ್ಲಿ ಮೂರು ದಿನ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುತ್ತವೆ. ಸುಳ್ಳು ಫೋನು ಎತ್ತಬೇಡವೆಂದರೆ ಎತ್ತುವುದಿಲ್ಲ. ಎತ್ತಿ ಸುಮ್ಮನಿರು ಎಂದರೆ ಸುಮ್ಮನಿರುತ್ತದೆ, ಎರಡು ಒತ್ತು ಎಂದರೆ ಒತ್ತುತ್ತದೆ. ಮೊದಲ ಪರೀಕ್ಷೆಯಲ್ಲೇ ಆ ಹಳೆಯ ತಪ್ಪು ಸಿಕ್ಕಿಬಿತ್ತು. ನಾನು ಬೆಳಿಗ್ಗೆ ನೋಡಿದ ಹಸಿರು ಸಾಲುಗಳೆಂದರೆ ಇವೇ.

ಈಗ ಎತ್ತದವರ ಮನೆಯವರಿಗೆ ತಪ್ಪದೇ ಸುದ್ದಿ ಹೋಗುತ್ತಿದೆ. ಸುದ್ದಿ ತಲುಪಿ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಸಿದ ಮನೆಗಳೂ ಇವೆ. ಅವರ ಕಥೆ ಹೇಳಿ ಎಂದರೆ ಅಕ್ಕ ಮಾತು ತಿರುಗಿಸುತ್ತಾರೆ.

ಪರೀಕ್ಷೆಗೆ ಇನ್ನು ಯಾರ ಫೋನೂ ಬೇಕಿರಲಿಲ್ಲ. ದೊಡ್ಡಮ್ಮನ ಫೋನು ಹೊಡೆದುಕೊಳ್ಳುವುದು ನಿಂತಿತು.

"ಒಂದು ಮಾತು ಹೇಳ್ಬೋದಿತ್ತಲ್ಲ ಅಕ್ಕ?"

ಅಕ್ಕ ಶಾಲಿನ ದಾರ ಎಳೆಯುತ್ತಾ ಕೂರುತ್ತಾರೆ. "ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ಏನಂತ ಫೋನ್ ಮಾಡೋದು? ಮೊದಲೆಲ್ಲಾ ಕೇಳಿಸ್ತಾ ಅಂತ ಕೇಳೋದಿರ್ತಿತ್ತು. ಕೆಲಸ ಇಲ್ದೆ ಯಾರಿಗಾದ್ರೂ ಫೋನ್ ಮಾಡಿ ನಂಗೆ ಅಭ್ಯಾಸಾನೇ ಇಲ್ಲ. ಇವತ್ತು ಬೇಡ, ನಾಳೆ ಮಾಡೋಣ ಅಂತ... ಹಾಗೇ ಹೋಯ್ತು."

ದೊಡ್ಡಮ್ಮನಿಗೆ ವಾಪಸ್ ಮಾಡಲು ದಾರಿಯಿರಲಿಲ್ಲ. ಆಸ್ಪತ್ರೆಯ ಆ ಲೈನಿನಿಂದ ಕರೆ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ಕೆಲವು ವಾರಗಳ ನಂತರ ವಾರ್ಡಿನಿಂದ ಅಕ್ಕನಿಗೆ ದೂರು ಬಂತು. ರಕ್ತದೊತ್ತಡ ಏರಿ, ತಲೆ ತಿರುಗಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ರೋಗಿಯೊಬ್ಬರು ಬಂದಿದ್ದಾರೆ. ಮಾತ್ರೆ ಯಾಕೆ ಬಿಟ್ಟಿರಿ ಎಂದರೆ ಫೋನು ಬರಲಿಲ್ಲ ಅನ್ನುತ್ತಿದ್ದಾರೆ, ಪಟ್ಟಿಯಲ್ಲಿ ನೋಡಿದರೆ ಹೆಸರೇ ಇಲ್ಲ, ನಿಮ್ಮ ಪ್ರೋಗ್ರಾಮು ಹೀಗೇಕೆ ಮಾಡಿತು? ಅಕ್ಕ ನಂಬರು ಕೇಳಿದರು. ಸಿಸ್ಟರು ಮೊದಲ ನಾಲ್ಕು ಅಂಕಿ ಹೇಳುವಷ್ಟರಲ್ಲಿ ಉಳಿದದ್ದು ಅಕ್ಕನ ಬಾಯಿಂದಲೇ ಬಂತು.

ಮಾತ್ರೆ ಶುರುವಾದಾಗ, ಪಟ್ಟಿಗೆ ಹೆಸರು ಸೇರಿಸಲೇ ಎಂದು ಔಷಧಿ ಕಿಟಕಿಯವರು ದೊಡ್ಡಮ್ಮನನ್ನು ಕೇಳಿದ್ದರಂತೆ. "ಬೇಡ, ನಂಗೆ ಆಗ್ಲೇ ದಿನಾ ಬರುತ್ತೆ," ಎಂದಿದ್ದರಂತೆ ಅವರು. ಪರೀಕ್ಷೆಯ ಕರೆಯನ್ನೇ ನೆಚ್ಚಿಕೊಂಡು ಮಾತ್ರೆ ನುಂಗುತ್ತಿದ್ದರು. ಈ ಸಂಗತಿ ಅಕ್ಕನಿಗೆ ಗೊತ್ತಿರಲಿಲ್ಲ. ಒಳಗೊಳಗೇ ಬೆಸೆದುಕೊಂಡ ಎಲ್ಲವನ್ನೂ ಹುಡುಕಿ ಹುಡುಕಿ ಹೊರಗಿಟ್ಟವರಿಗೆ ಇದೊಂದು ಮಾತ್ರ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಇದು ಕೋಡಿನಲ್ಲಿ ಇರಲಿಲ್ಲ.

ಅಕ್ಕ ವಾರ್ಡಿಗೆ ಓಡಿದರು. ಅಷ್ಟು ವರ್ಷ ಮಾತಾಡಿದವರು ಮುಖ ನೋಡಿದ್ದು ಅದೇ ಮೊದಲು. ದೊಡ್ಡಮ್ಮನಿಗೆ ಗುರುತು ಸಿಗಲಿಲ್ಲ. "ದೊಡ್ಡಮ್ಮ" ಎಂದ ಕೂಡಲೇ ದನಿ ಗುರುತಾಯಿತು. ಗುರುತಾದದ್ದೇ ತಡ, ಗೋಡೆಯ ಕಡೆ ಮುಖ ತಿರುಗಿಸಿದರು.

ಅಂದಿನಿಂದ ಒಂದು ಮಾತೂ ಇಲ್ಲ. ಈಗ ಅವರು ಮನೆಗೆ ಹೋಗಿದ್ದಾರೆ. ಅಕ್ಕ ತಮ್ಮ ಸ್ವಂತ ಮೊಬೈಲಿನಿಂದ, ಪ್ರೋಗ್ರಾಮಿನ ಹಂಗಿಲ್ಲದೆ, ದಿನಾ ಬೆಳಿಗ್ಗೆ ಕೈಯಾರೆ ಫೋನು ಮಾಡುತ್ತಾರೆ. ಫೋನು ಹೊಡೆದುಕೊಂಡರೆ ಎತ್ತದೆ ಇರಲಾರದ ಆ ಹೆಂಗಸು ಈಗ ಎತ್ತುವುದಿಲ್ಲ. ನಿಮ್ಮ ಆಸೆಯೇನು ಎಂದು ಕೇಳುವುದು ನಮ್ಮ ಕಸುಬಿನ ಕಡ್ಡಾಯ. ಕೇಳಿದೆ. "ದೊಡ್ಡಮ್ಮ ಒಂದ್ಸಲ ಎತ್ಬೇಕು. ಬೈದ್ರೂ ಪರವಾಗಿಲ್ಲ," ಎಂದರು.

ಸುಮ್ಮನಿರುವ ಜಾಯಮಾನ ನನ್ನದಲ್ಲ. ದೊಡ್ಡ ಸಿಸ್ಟರನ್ನು ಕಾಡಿ ಬೇಡಿ ದಾರಿ ಕೇಳಿಕೊಂಡು ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಅಕ್ಕನದರಂತೆ ಮಹಡಿಯಲ್ಲ, ಬೀದಿಗೇ ತೆರೆದುಕೊಂಡ ಎರಡು ಕೋಣೆಯ ಮನೆ. ಮಂಚದ ಪಕ್ಕ ಊರಿಕೊಂಡು ನಡೆಯುವ ವಾಕರ್, ಸ್ಟೂಲಿನ ಮೇಲೆ ಮಾತ್ರೆ ಡಬ್ಬಿ, ಅದರ ಪಕ್ಕ ಕರೆ ಮಾಡಿದವರ ನಂಬರು ತೋರಿಸುವ ಫೋನು. ಹಗಲು ಹೊತ್ತು ನೋಡಿಕೊಳ್ಳುವ ಹೆಂಗಸು ಬಂದು ಹೋಗುತ್ತಾಳೆ. ದೊಡ್ಡಮ್ಮನ ದನಿ ಇವತ್ತಿಗೂ ಗಂಟೆ ಹೊಡೆದಂತಿದೆ.

"ಬಿದ್ದಿದ್ದಕ್ಕೆ ಅವಳೇನು ಮಾಡ್ತಾಳೆ? ಮಾತ್ರೆ ಮರೆತವಳು ನಾನು," ಎನ್ನುತ್ತಾರೆ. "ನಂಗೆ ಸಿಟ್ಟು ಅದಕ್ಕಲ್ಲ. ಲೈನ್ ಕಟ್ ಮಾಡೋ ಮುಂಚೆ ಹೇಳ್ಬೇಕು ರೀ. ನಾವು ಡ್ಯೂಟಿಲಿದ್ದಾಗ ಎಂಥಾ ಕಾಲ್ ಇರ್ಲಿ, ಸಮಯ ಆಯ್ತು, ಕಟ್ ಮಾಡ್ತಿದ್ದೀನಿ ಅಂತ ಹೇಳಿ ಕಟ್ ಮಾಡ್ತಿದ್ವಿ. ದಿನಾ ಆರಕ್ಕೆ ಫೋನ್ ಮುಂದೆ ಕೂತ್ಕೊಂಡಿದ್ದೀನಿ ನಾನು. ಮೊದಲ ದಿನ ಲೈನ್ ಕೆಟ್ಟಿರ್ಬೇಕು ಅಂದ್ಕೊಂಡೆ. ಆಮೇಲೆ ಅವಳಿಗೇ ಹುಷಾರಿಲ್ವೇನೋ ಅಂದ್ಕೊಂಡೆ. ಅವಳಿಗೆ ಏನಾಯ್ತೋ ಅನ್ನೋ ಯೋಚನೇಲೇ ನನ್ನ ಮಾತ್ರೆ ಮರ್ತಿದ್ದು. ನೋಡಿದ್ರೆ, ಇವಳು ಗುಂಡುಕಲ್ಲಿನ ಹಾಗಿದ್ದಾಳೆ!"

"ಈಗ ದಿನಾ ಮಾಡ್ತಿದ್ದಾರಲ್ಲ. ಎತ್ತಿ ಇದನ್ನೇ ಹೇಳ್ಬೋದಲ್ಲ?"

"ಎತ್ತಿದ್ರೆ ಅತ್ತುಬಿಡ್ತೀನಿ. ಲೈನಲ್ಲಿ ಅಳಬಾರದು ಅಂತ ನಮ್ಗೆ ರೂಲ್ ಇತ್ತು." ಆಮೇಲೆ ಡಬ್ಬಿಯ ಕಡೆ ಕೈ ತೋರಿಸುತ್ತಾರೆ. "ಹೊಡ್ಕೊಳ್ಳೋ ತನಕ ಪಕ್ಕದಲ್ಲೇ ಕೂತಿರ್ತೀನಿ. ನಿಂತ ತಕ್ಷಣ ಮಾತ್ರೆ ನುಂಗ್ತೀನಿ. ಅವಳಿಗೆ ಹೇಳ್ಬೇಡಿ ಮತ್ತೆ."

"ಪೇಪರಿನಲ್ಲಿ ಬಂದ್ರೆ ಓದ್ತಾರಲ್ಲ ದೊಡ್ಡಮ್ಮ?"

"ಬರೋದು ಭಾನುವಾರ ತಾನೆ?"

"ಹೌದು. ಗುರುವಾರ ಬೆಳಿಗ್ಗೆ ಇನ್ನೊಂದ್ಸಲ ಅಲ್ಲಿಗೆ ಹೋಗ್ತೀನಿ, ಅದಾದ್ಮೇಲೆ ಬರೆದು ಕೊಡೋದು."

"ಹೂಂ," ಎಂದು ಅವರು ಮಾತು ಮುಗಿಸುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡು ನಾನು ವಾಪಸ್ ಬರುತ್ತೇನೆ. ಇಷ್ಟು ಕಷ್ಟದ ಕೆಲಸವನ್ನು ಸಂಪಾದಕರು ಕೂಡ ನನಗೆ ಕೊಟ್ಟಿಲ್ಲ.

ಗುರುವಾರ. ಮೊದಲು ತೆಗೆದ ಫೋಟೋ ಸರಿ ಬಂದಿಲ್ಲ ಎಂಬ ನೆಪ ಹೇಳಿ ಮತ್ತೆ ಅದೇ ಕೋಣೆಯಲ್ಲಿ ಕೂತಿದ್ದೇನೆ. ಎರಡನೇ ಕುರ್ಚಿಯ ಮೇಲೆ ಬಟ್ಟೆ ರಾಶಿ ಮತ್ತೆ ಏರಿಲ್ಲ. ಅಕ್ಕ ನಂಬರು ಒತ್ತುತ್ತಾರೆ. ಹೊಡೆದುಕೊಳ್ಳುತ್ತದೆ. ಎರಡನೇ ರಿಂಗಿಗೆ ಪಟಕ್ಕನೆ ನಿಂತುಹೋಗುತ್ತದೆ.

ಅಕ್ಕ ಮೊಬೈಲನ್ನೇ ನೋಡುತ್ತಾರೆ. "ಕಟ್ ಮಾಡಿದ್ರು." ಶಾಲಿನ ಚುಂಗಿನಿಂದ ಪರದೆಯನ್ನು ಮತ್ತೆ ಒರೆಸುತ್ತಾರೆ. "ಇಷ್ಟು ದಿನ ಹೊಡ್ಕೊಳ್ಳೋಕಾದ್ರೂ ಬಿಡ್ತಿದ್ರು. ಇವತ್ತು ಅದೂ ಬೇಡ ಅಂದ್ರು ನೋಡಿ." ಹೇಳಿಬಿಡಲೇ ಎಂದು ಬಾಯಿ ತೆರೆಯುತ್ತೇನೆ.

ಆಗ ಅಕ್ಕನ ಕೈಯಲ್ಲಿದ್ದ ಫೋನು ಹೊಡೆದುಕೊಳ್ಳುತ್ತದೆ. ಅದನ್ನು ಎತ್ತಬೇಕೆಂದೇ ಅವರಿಗೆ ಹೊಳೆಯುವುದಿಲ್ಲ. "ಎತ್ತಿ ಅಕ್ಕ," ಎಂದು ನಾನೇ ಕೂಗಬೇಕಾಗುತ್ತದೆ. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಗುತ್ತದೆ.

"ಯಾರು ಮಾತಾಡೋದು?" ತಾವೇ ಫೋನು ಮಾಡಿ ತಾವೇ ಕೇಳುತ್ತಾರೆ ದೊಡ್ಡಮ್ಮ.

"ನಾನು, ದೊಡ್ಡಮ್ಮ."

"ಮಾತ್ರೆ ತಗೊಂಡೆ. ನೀನು ಕೇಳೋ ಮುಂಚೇನೇ ಹೇಳ್ತಿದ್ದೀನಿ. ಇನ್ಮೇಲೆ ನೀನು ಮಾಡ್ಬೇಡ, ನಾನೇ ಮಾಡ್ತೀನಿ. ಒಂದಿನ ನನ್ನ ಫೋನ್ ಬರ್ಲಿಲ್ಲ ಅಂದ್ರೆ ಎದ್ದು ಓಡಿ ಬಾ."

"ಹೂಂ."

"ಏನು ಹೂಂ? ಮನೆ ಎಲ್ಲಿ ಅಂತ ಗೊತ್ತಾ ನಿಂಗೆ?"

"ಇಲ್ಲ ದೊಡ್ಡಮ್ಮ."

"ಇಷ್ಟು ವರ್ಷ ಕೇಳಿಸ್ತಾ ಕೇಳಿಸ್ತಾ ಅಂತ ಕೇಳಿದ್ಯಲ್ಲ, ಮನೆ ಎಲ್ಲಿ ಅಂತ ಒಂದಿನಾನೂ ಕೇಳ್ಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿ, ನೀಲಿ ಬಾಗಿಲು. ಏನಾದ್ರೂ ತಿಂದ್ಯಾ?"

"ಇಲ್ಲ."

"ಹೋಗು, ತಿನ್ಕೊಂಡು ಬಾ. ನಾನು ಲೈನಲ್ಲೇ ಇರ್ತೀನಿ."

ಅಕ್ಕ ಫೋನನ್ನು ಮೇಜಿನ ಮೇಲೆ ಇಡುತ್ತಾರೆ. ಈ ಸಲ ಬೋರಲು ಇಡುವುದಿಲ್ಲ. ನನ್ನ ಕಡೆ ನೋಡದೆ ಒಳಗೆ ಹೋಗುತ್ತಾರೆ. ಪಾತ್ರೆಯ ಸದ್ದು ಕೇಳಿಸುತ್ತದೆ, ನಲ್ಲಿ ಬಿಟ್ಟ ಸದ್ದು ಕೇಳಿಸುತ್ತದೆ, ನಲ್ಲಿ ಬಿಟ್ಟರೂ ಮುಚ್ಚಲಾಗದ ಇನ್ನೊಂದು ಸದ್ದೂ ಕೇಳಿಸುತ್ತದೆ. ನನಗೆ ಕೈಕಾಲು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ.

"ಪೇಪರಿನವರೇ, ಅಲ್ಲೇ ಇದ್ದೀರಾ?" ಫೋನಿನೊಳಗಿಂದ ದೊಡ್ಡಮ್ಮ ಮೆಲ್ಲಗೆ ಕೇಳುತ್ತಾರೆ.

"ಇದ್ದೀನಿ ದೊಡ್ಡಮ್ಮ."

"ಅಳ್ತಿದ್ದಾಳಾ ಅವಳು?"

"ಹೌದು."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬರುತ್ತದೆ.

"ಅಳ್ಲಿ ಬಿಡಿ. ನೀವು ಮಾತ್ರ ಕಟ್ ಮಾಡ್ಬೇಡಿ."